ಸುಟ್ಟ ಕಾಡಿನ ಬಣ್ಣ

ನಮ್ಮ ಕಡೆ ಶರದೃತುವೆಂದರೆ ಮಳೆ ಹಿಂದೆಗೆದು ಹೊಳೆಯ ನೀರು ತಿಳಿಯಾಗುವ ಕಾಲ. ಗದ್ದೆಯಲ್ಲಿ ಭತ್ತ ತೆನೆ ಕಟ್ಟುತ್ತದೆ, ನವರಾತ್ರಿ ಬರುತ್ತದೆ, ಹಿಂದೆಯೇ ಬೆಳದಿಂಗಳು ಬರುತ್ತದೆ. ಎಲೆ ಉದುರುವುದು ಶಿಶಿರದಲ್ಲಿ ಎಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಆದರೆ ಅಮೆರಿಕೆಯ ಈಶಾನ್ಯ ಮೂಲೆಯಲ್ಲಿ ಇದೇ ಅಕ್ಟೋಬರ್ ತಿಂಗಳು ಎಲೆಗಳು ಹಳದಿ, ಕಿತ್ತಳೆ, ಕುಂಕುಮದ ಬಣ್ಣಕ್ಕೆ ತಿರುಗಿ ನೆಲಕ್ಕೆ ಬೀಳುತ್ತವೆ. ಅಲ್ಲಿನ ಜನ ಋತುವಿಗೇ 'ಫಾಲ್' ಎಂದು ಹೆಸರಿಟ್ಟಿದ್ದಾರೆ. ಉದುರುವುದೇ ಒಂದು ಹಬ್ಬವೆನ್ನುವಂತೆ ಊರೂರಿನಿಂದ ಅದನ್ನು ನೋಡಲು ಬರುತ್ತಾರೆ. 2024ರ ದಸರಾ ರಜೆಯಲ್ಲಿ ನಾವಿಬ್ಬರೂ ಆ ಜಾತ್ರೆಯಲ್ಲಿ ಸೇರಿದೆವು.

ನಾನು ಕುಮಟಾ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ನಮ್ಮವರು ಬ್ಯಾಂಕಿನಿಂದ ನಿವೃತ್ತರು. ಮಗ ಬಾಸ್ಟನ್ನಿನಲ್ಲಿದ್ದಾನೆ. ಅವನಿಗೆ ಬಿಡುವಿಲ್ಲದ ಕೆಲಸ. ಕಾರಿನಲ್ಲಿ ನಮ್ಮನ್ನು ಉತ್ತರದ ಮೇನ್ ರಾಜ್ಯಕ್ಕೆ ಕರೆದೊಯ್ದು, ಬಾರ್ ಹಾರ್ಬರ್ ಎಂಬ ಊರಿನ ಒಂದು ಸಣ್ಣ ವಸತಿಗೃಹದಲ್ಲಿ ಬಿಟ್ಟು, ನಾಲ್ಕು ದಿನ ಬಿಟ್ಟು ಬರುತ್ತೇನೆಂದು ಹೊರಟುಹೋದ. ಮದುವೆಯಾಗಿ ಮೂವತ್ತು ವರ್ಷದ ಮೇಲಾಯಿತು. ಮದುವೆ ಮನೆ, ಶ್ರಾದ್ಧ, ಆಸ್ಪತ್ರೆ ಎಂದು ಜೊತೆಯಾಗಿ ತಿರುಗಿದ್ದೇವೆ. ಏನೂ ಕೆಲಸವಿಲ್ಲದೆ, ಯಾರ ಮನೆಗೂ ಹೋಗುವುದಿಲ್ಲದೆ ಇಬ್ಬರೇ ನಡೆದಾಡಿದ್ದು ಇದೇ ಮೊದಲು.

ಬಾರ್ ಹಾರ್ಬರ್ ಇರುವುದು ಮೌಂಟ್ ಡೆಸರ್ಟ್ ಎಂಬ ದೊಡ್ಡ ದ್ವೀಪದಲ್ಲಿ. ಈ ದ್ವೀಪದ ಸುಮಾರು ಅರ್ಧ ಭಾಗ, ಜೊತೆಗೆ ಆಸುಪಾಸಿನ ಇನ್ನಷ್ಟು ನೆಲ ಸೇರಿ ಅಕೇಡಿಯಾ ರಾಷ್ಟ್ರೀಯ ಉದ್ಯಾನವಾಗಿದೆ. ಸುಮಾರು 49,000 ಎಕರೆ. ಅಮೆರಿಕೆಯ ಉಳಿದ ರಾಷ್ಟ್ರೀಯ ಉದ್ಯಾನಗಳ ಎದುರು ಇದು ಚಿಕ್ಕದೇ. ಆದರೂ ವರ್ಷಕ್ಕೆ ಸುಮಾರು 40 ಲಕ್ಷ ಭೇಟಿಗಳು ಇಲ್ಲಿ ನಡೆಯುತ್ತವೆ. ಬೇಸಿಗೆಯಿಂದ ಅಕ್ಟೋಬರ್ ಮಧ್ಯದವರೆಗೆ ಊರಿನಿಂದ ಉದ್ಯಾನದೊಳಕ್ಕೆ ಪುಕ್ಕಟೆ ಬಸ್ಸುಗಳು ಓಡಾಡುತ್ತವೆ. 1999ರಿಂದ ಇರುವ ವ್ಯವಸ್ಥೆ. ಕಾರಿಲ್ಲದ ನಮಗೆ ಅದೇ ಪುಷ್ಪಕ ವಿಮಾನ.

ಮೊದಲ ದಿನ ಸಮುದ್ರದ ಅಂಚಿನ ಕಾಲುದಾರಿಯಲ್ಲಿ ನಡೆದೆವು. ಸ್ಯಾಂಡ್ ಬೀಚ್ ಎಂಬ ಪುಟ್ಟ ಮರಳ ದಂಡೆಯಿಂದ ಆಟರ್ ಕ್ಲಿಫ್ ಎಂಬ ಕಡಿದಾದ ಬಂಡೆಯವರೆಗೆ ಸುಮಾರು ಎರಡು ಮೈಲಿ. ಆ ದಂಡೆಯ ಮರಳನ್ನು ಅಂಗೈಗೆ ಹಾಕಿಕೊಂಡು ನೋಡಿದರೆ ಬಹುಪಾಲು ಚಿಪ್ಪಿನ ಚೂರು. ಅಲೆಗಳು ಸಾವಿರಾರು ವರ್ಷ ಅರೆದು ಮಾಡಿದ ಪುಡಿ. ದಾರಿಯುದ್ದಕ್ಕೂ ನಸುಗೆಂಪು ಗ್ರಾನೈಟ್ ಬಂಡೆಗಳು, ಅವುಗಳ ಸಂದಿಯಲ್ಲಿ ಸ್ಪ್ರೂಸ್ ಮರಗಳು, ಕೆಳಗೆ ಗಾಢ ನೀಲಿ ಅಟ್ಲಾಂಟಿಕ್. ಒಂದೆಡೆ ಬಂಡೆಯ ಸೀಳಿನೊಳಕ್ಕೆ ಅಲೆ ನುಗ್ಗಿ ಗುಡುಗಿನಂತೆ ಸದ್ದು ಮಾಡುತ್ತದೆ.

ನಮ್ಮವರು ಬಂಡೆಯ ಮೇಲೆ ಕುಳಿತು ಬುತ್ತಿಯ ಚಿತ್ರಾನ್ನ ಬಿಚ್ಚುತ್ತ, "ಸಮುದ್ರ ನೋಡಲಿಕ್ಕೆ ಕುಮಟೆಯಿಂದ ಇಲ್ಲಿಯವರೆಗೆ ಬರಬೇಕಿತ್ತಾ ಮಾರಾಯ್ತಿ?" ಎಂದರು.

"ಕುಮಟೆಯ ಸಮುದ್ರವನ್ನು ನೀವು ಎಂದಾದರೂ ಕೂತು ನೋಡಿದ್ದೀರಾ?" ಎಂದೆ. ಅವರು ನಕ್ಕು ಸುಮ್ಮನಾದರು.

ಆ ದಾರಿ ಮುಗಿಯುವ ಹತ್ತಿರವೇ ಆಟರ್ ಪಾಯಿಂಟ್ ಎಂಬ ಭೂಶಿರವಿದೆ. 1604ರ ಸೆಪ್ಟೆಂಬರಿನಲ್ಲಿ ಫ್ರೆಂಚ್ ನಾವಿಕ ಸ್ಯಾಮುವೆಲ್ ದ ಶಾಂಪ್ಲೇನನ ಹಡಗು ಈ ಭಾಗದಲ್ಲೇ ನೀರೊಳಗಿನ ಬಂಡೆಗೆ ತಗುಲಿತು. ಹಡಗನ್ನು ದುರಸ್ತಿ ಮಾಡಿಕೊಳ್ಳುವಾಗ ಅವನು ತಲೆಯೆತ್ತಿ ನೋಡಿದ ಬೆಟ್ಟಗಳ ನೆತ್ತಿ ಬೋಳಾಗಿತ್ತು. ಹಾಗಾಗಿ 'ಬೋಳು ಬೆಟ್ಟಗಳ ದ್ವೀಪ' ಎಂಬರ್ಥದ ಫ್ರೆಂಚ್ ಹೆಸರು ಕೊಟ್ಟ. ಇಂದಿನ 'ಮೌಂಟ್ ಡೆಸರ್ಟ್' ಅದರದೇ ಇಂಗ್ಲಿಷ್ ರೂಪ. ಆದರೆ ಹೆಸರಿಲ್ಲದ ದ್ವೀಪವೇನೂ ಅವನಿಗೆ ಸಿಕ್ಕಿರಲಿಲ್ಲ. ವಾಬನಾಕಿ ಜನರು, ಅಂದರೆ 'ಬೆಳಗಿನ ನಾಡಿನವರು', ಸಾವಿರಾರು ವರ್ಷಗಳಿಂದ ಈ ತೀರದಲ್ಲಿದ್ದರು. ಅವರು ಇದನ್ನು ಪೆಮೆಟಿಕ್ ಎನ್ನುತ್ತಿದ್ದರು. ದೇಶದ ಪೂರ್ವ ತುದಿಯಲ್ಲಿದ್ದು ಮೊದಲ ಸೂರ್ಯನನ್ನು ಕಾಣುವವರಿಗೆ ಎಂಥ ಒಪ್ಪುವ ಹೆಸರು! ಇಂದಿಗೂ ಅಕ್ಟೋಬರ್ ಮೊದಲ ವಾರದಿಂದ ಮಾರ್ಚ್ ಮೊದಲ ವಾರದವರೆಗೆ ಅಮೆರಿಕೆಯಲ್ಲಿ ಸೂರ್ಯೋದಯ ಮೊದಲು ಕಾಣುವುದು ಇಲ್ಲಿನ 1,530 ಅಡಿ ಎತ್ತರದ ಕ್ಯಾಡಿಲ್ಯಾಕ್ ಬೆಟ್ಟದ ಮೇಲಿಂದ ಎನ್ನುತ್ತಾರೆ.

1613ರಲ್ಲಿ ಫ್ರೆಂಚ್ ಜೆಸ್ವಿಟ್ ಪಾದ್ರಿಗಳು ಇಲ್ಲಿ ಒಂದು ನೆಲೆ ಹೂಡಿದರು. ಸ್ಥಳೀಯರು ಅವರನ್ನು ಬರಮಾಡಿಕೊಂಡರು. ಗುಡಿಸಲುಗಳು ಪೂರ್ತಿ ಏಳುವ ಮೊದಲೇ ವರ್ಜೀನಿಯಾದಿಂದ ಬಂದ ಇಂಗ್ಲಿಷ್ ಹಡಗೊಂದು ಅದನ್ನು ಹಾಳುಗೆಡವಿತು. ಅಲ್ಲಿಂದ ಮುಂದೆ ಸುಮಾರು ಒಂದೂವರೆ ಶತಮಾನ ಫ್ರೆಂಚರೂ ಇಂಗ್ಲಿಷರೂ ಈ ತೀರಕ್ಕಾಗಿ ಕಿತ್ತಾಡಿದರು. ಫ್ರೆಂಚರು ಸೋತ ಮೇಲೆ, 1761ರಲ್ಲಿ, ಏಬ್ರಹಾಂ ಸೋಮ್ಸ್ ಎಂಬಾತ ಇಂಗ್ಲಿಷರ ಮೊದಲ ಕಾಯಂ ನೆಲೆ ಕಟ್ಟಿದ. ಮೀನುಗಾರಿಕೆ, ಮರ ಕಡಿತ, ಹಡಗು ಕಟ್ಟುವುದು ಇವೇ ಆಮೇಲಿನ ಬದುಕು. ತೀರಕ್ಕೆ ಬಂದಿಳಿದವರೆಲ್ಲ ಮೊದಲು ಮಾಡುವ ಕೆಲಸ ಹೆಸರಿಡುವುದು. ನಮ್ಮ ಗೋವೆಯಿಂದ ಕೊಚ್ಚಿಯವರೆಗಿನ ಬಂದರುಗಳ ಹಳೆಯ ನಕ್ಷೆ ಬಿಚ್ಚಿದರೂ ಇದೇ ಕಥೆ.

ಇಂಥ ಬಡ ಮೀನುಗಾರರ ದ್ವೀಪ ಪ್ರವಾಸಿಗಳ ತಾಣವಾದದ್ದು ಚಿತ್ರಕಾರರಿಂದ. 1844ರಲ್ಲಿ ಥಾಮಸ್ ಕೋಲ್, ಕೆಲವು ವರ್ಷಗಳ ಮೇಲೆ ಅವನ ಶಿಷ್ಯ ಫ್ರೆಡರಿಕ್ ಚರ್ಚ್ ಇಲ್ಲಿಗೆ ಬಂದು ಬಂಡೆ, ಅಲೆ, ಸೂರ್ಯೋದಯಗಳ ಚಿತ್ರ ಬರೆದರು. ಆ ಚಿತ್ರಗಳನ್ನು ಕಂಡ ಪಟ್ಟಣಿಗರು ಬೇಸಿಗೆಗೆ ಬರತೊಡಗಿದರು. ಮೊದಮೊದಲು ಬೆಸ್ತರ ಮನೆಯಲ್ಲೇ ಉಂಡು ಮಲಗುತ್ತಿದ್ದರು. ಆಮೇಲೆ ಹೋಟೆಲುಗಳೆದ್ದವು. 1880ರ ದಶಕದ ಹೊತ್ತಿಗೆ ದೇಶದ ಅತಿ ದೊಡ್ಡ ಸಾಹುಕಾರರು ಬಂದರು. ಅವರು ಕಟ್ಟಿಸಿದ ಅರಮನೆಗಳಿಗೆ ಅವರೇ ಇಟ್ಟ ಹೆಸರು 'ಕಾಟೇಜ್', ಅಂದರೆ ಗುಡಿಸಲು! ಬಾರ್ ಹಾರ್ಬರಿನ ಒಂದು ಬೀದಿಗೆ 'ಕೋಟ್ಯಧೀಶರ ಸಾಲು' ಎಂದೇ ಹೆಸರು ಬಿತ್ತು.

ಇಲ್ಲಿಂದ ಮುಂದಿನ ಕಥೆ ನನಗೆ ತುಂಬ ಕುತೂಹಲದ್ದು. ಯಾಕೆಂದರೆ ಅಮೆರಿಕೆಯ ಪಶ್ಚಿಮದ ದೊಡ್ಡ ಉದ್ಯಾನಗಳೆಲ್ಲ ಸರಕಾರದ ನೆಲದಲ್ಲಿ ಆದವು. ಅಕೇಡಿಯಾ ಮಾತ್ರ ಖಾಸಗಿಯವರು ಕೊಂಡು, ಕೂಡಿಸಿ, ಸರಕಾರಕ್ಕೆ ದಾನ ಕೊಟ್ಟ ನೆಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಅವರ ಮಗನ ಹೆಸರೂ ಚಾರ್ಲ್ಸ್. ಅವನು ಭೂದೃಶ್ಯ ವಿನ್ಯಾಸಕ. ಮೇನ್ ತೀರವನ್ನು ಜನರಿಗಾಗಿ ಉಳಿಸಬೇಕೆಂದು ಬರೆದಿದ್ದ. 1897ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಮಗನ ಕಾಗದಪತ್ರ ಓದಿದ ತಂದೆ 1901ರಲ್ಲಿ ನೆರೆಹೊರೆಯವರನ್ನು ಸೇರಿಸಿ ಭೂಮಿ ಉಳಿಸುವ ಒಂದು ಟ್ರಸ್ಟ್ ಕಟ್ಟಿದರು. ಆ ಕೆಲಸವನ್ನು ಬೆನ್ನ ಮೇಲೆ ಹೊತ್ತವರು ಜಾರ್ಜ್ ಡಾರ್ ಎಂಬ ಶ್ರೀಮಂತ ಬ್ರಹ್ಮಚಾರಿ. ಪೆಟ್ರೋಲ್ ಯಂತ್ರದಿಂದ ನಡೆಯುವ, ಹೊತ್ತೊಯ್ಯಬಹುದಾದ ಗರಗಸಗಳು ಆಗ ಬಂದಿದ್ದವು. ಇನ್ನು ದ್ವೀಪದ ಕಾಡು ಉಳಿಯದೆಂಬ ಭಯ. 1913ರ ಹೊತ್ತಿಗೆ ಟ್ರಸ್ಟ್ 6,000 ಎಕರೆ ಕೂಡಿಸಿತ್ತು. ಡಾರ್ ವಾಷಿಂಗ್ಟನ್ನಿಗೆ ಅಲೆದು ಅದನ್ನು ದೇಶಕ್ಕೆ ಒಪ್ಪಿಸಲು ಹೆಣಗಿದರು. 1916ರ ಜುಲೈ 8ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 1919ರಲ್ಲಿ ಲಫಯೆಟ್ ರಾಷ್ಟ್ರೀಯ ಉದ್ಯಾನವಾಯಿತು. ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಇದೇ ಮೊದಲನೆಯದು. 1929ರಲ್ಲಿ ಅಕೇಡಿಯಾ ಎಂದು ಹೆಸರು ಬದಲಾಯಿತು. ಡಾರ್ ತಮ್ಮ ಆಸ್ತಿಯನ್ನೆಲ್ಲ ಇದಕ್ಕೇ ಸುರಿದು, ಕಡೆಗಾಲದಲ್ಲಿ ಕಣ್ಣೂ ಕಳೆದುಕೊಂಡು, 1944ರಲ್ಲಿ ತೀರಿಕೊಂಡರು.

ಎರಡನೆಯ ದಿನ ನಾವು ಜೋರ್ಡನ್ ಪಾಂಡ್ ಎಂಬ ಸರೋವರದ ಸುತ್ತಿನ ಕುದುರೆ ಗಾಡಿಯ ರಸ್ತೆಗಳಲ್ಲಿ ನಡೆದೆವು. ಇವುಗಳನ್ನು ಮಾಡಿಸಿದವರು ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್. ಈ ದ್ವೀಪದಲ್ಲಿ ಮೊದಲು ಮೋಟಾರು ಕಾರಿಗೆ ನಿಷೇಧವಿತ್ತು. ಅದು ಸಡಿಲವಾಗತೊಡಗಿದ ಕಾಲದಲ್ಲಿ, 1913ರಿಂದ 1940ರವರೆಗೆ, ಅವರು ಕಾರು ಬಾರದ ರಸ್ತೆಗಳನ್ನು ಕಟ್ಟಿಸುತ್ತಲೇ ಹೋದರು. ಉದ್ಯಾನದೊಳಗೆ ಅಂಥ ರಸ್ತೆ 45 ಮೈಲಿ ಇದೆ. ಕಲ್ಲಿನ ಸೇತುವೆಗಳು ಒಂದಕ್ಕಿಂತ ಒಂದು ಚೆಂದ, ಒಂದರಂತೆ ಇನ್ನೊಂದಿಲ್ಲ. ರಸ್ತೆಯಂಚಿಗೆ ನೆಟ್ಟ ಗ್ರಾನೈಟ್ ಕಲ್ಲುಗಳಿಗೆ ಜನ 'ರಾಕ್‌ಫೆಲ್ಲರನ ಹಲ್ಲು' ಎನ್ನುತ್ತಾರೆ. ಸುಮಾರು 11,000 ಎಕರೆ ನೆಲವನ್ನೂ ಅವರು ಉದ್ಯಾನಕ್ಕೆ ಕೊಟ್ಟರು.

"ಇವರ ಅಪ್ಪ ದುಡ್ಡು ಮಾಡಿದ್ದು ಯಾವುದರಲ್ಲಿ?" ಎಂದು ನಮ್ಮವರು ಕೇಳಿದರು.

"ಸೀಮೆಎಣ್ಣೆ, ಪೆಟ್ರೋಲಿನಲ್ಲಿ."

"ಹಾಗಾದರೆ ಊರಿಗೆಲ್ಲ ಪೆಟ್ರೋಲ್ ಮಾರಿ ತಾವು ಕುದುರೆ ಗಾಡಿಯಲ್ಲಿ ಓಡಾಡಿದರು ಅನ್ನು." ಬ್ಯಾಂಕಿನವರ ಲೆಕ್ಕ ಎಂದೂ ಹೀಗೆಯೇ. ಅಂದರೂ ಅದೇ ಹಣದ ರಸ್ತೆಯಲ್ಲಿ ನಾವು ಹಾರನ್ನಿನ ಸದ್ದಿಲ್ಲದೆ, ಹೊಗೆಯಿಲ್ಲದೆ ಇಡೀ ದಿನ ನಡೆದೆವಲ್ಲ! ಸರೋವರದ ಪಕ್ಕದ ಹಳೆಯ ಚಹಾ ಮನೆಯಲ್ಲಿ ಪಾಪೋವರ್ ಎಂಬ ಉಬ್ಬಿದ ತಿಂಡಿ ಪ್ರಸಿದ್ಧ. ಮೊಟ್ಟೆ ಹಾಕಿದ್ದೆಂದು ನಾವು ಚಹಾ ಮಾತ್ರ ಕುಡಿದೆವು. ಸುತ್ತ ಸ್ಪ್ರೂಸ್, ಫರ್ ಮರಗಳ ಕಪ್ಪುಹಸಿರು ಕಾಡು. ಮಧ್ಯಾಹ್ನದಲ್ಲೂ ಒಳಗೆ ಸಂಜೆಯಂತೆ ಮಬ್ಬು.

ಮೂರನೆಯ ದಿನ ಈಗಲ್ ಲೇಕ್ ಎಂಬ ಇನ್ನೊಂದು ಸರೋವರಕ್ಕೆ ಬಸ್ಸಿನಲ್ಲಿ ಹೋದೆವು. ಅದರ ಸುತ್ತು ಸುಮಾರು ಆರು ಮೈಲಿ. ನಮ್ಮ ಮಂಡಿಗಳಿಗೆ ಅಷ್ಟು ಆಗದೆಂದು ಅರ್ಧ ಹೋಗಿ ಹಿಂದಿರುಗುವ ತೀರ್ಮಾನ ಮಾಡಿದ್ದೆವು. ಅಲ್ಲಿ ಕಾಡೇ ಬೇರೆ. ಬಿಳಿ ತೊಗಟೆಯ ಬರ್ಚ್ ಮರಗಳು, ಗಾಳಿಯಿಲ್ಲದಿದ್ದರೂ ನಡುಗುವ ಆಸ್ಪೆನ್ ಎಲೆಗಳು, ನಡುವೆ ಮೇಪಲ್ಲಿನ ಕೆಂಪು. ಇಡೀ ದಾರಿ ಅರಿಸಿನ ಕುಂಕುಮ ಚೆಲ್ಲಿದಂತೆ. ನವರಾತ್ರಿಯ ದಿನಗಳಾದ್ದರಿಂದ ನನಗೆ ಬೇರೆ ಹೋಲಿಕೆ ಹೊಳೆಯಲಿಲ್ಲ.

"ನಿನ್ನೆಯ ಕಾಡು ಕಪ್ಪಗಿತ್ತು, ಇವತ್ತಿನದು ಹೀಗೆ. ಇರುವುದು ಒಂದೇ ದ್ವೀಪ, ಎರಡು ಮೂರು ಮೈಲಿ ಅಂತರ. ಯಾಕೆ ಹೀಗೆ?" ನಮ್ಮವರ ಈ ಪ್ರಶ್ನೆಗೆ ಉತ್ತರ ಮಣ್ಣಿನಲ್ಲೂ ಇಲ್ಲ, ಮಳೆಯಲ್ಲೂ ಇಲ್ಲ. ಅದು ಇರುವುದು 1947ರ ಅಕ್ಟೋಬರಿನಲ್ಲಿ.

ನಮ್ಮ ದೇಶ ಸ್ವತಂತ್ರವಾಗಿ ಎರಡು ತಿಂಗಳಾಗಿತ್ತು. ಇಲ್ಲಿ ಆ ವರ್ಷ ಬೇಸಿಗೆಯಿಂದ ಮೂರು ತಿಂಗಳಿಗೂ ಮೇಲ್ಪಟ್ಟು ಸರಿಯಾಗಿ ಮಳೆ ಬೀಳಲಿಲ್ಲ. ಬಾವಿಗಳು ಒಣಗಿದವು, ಕಾಡಿನ ನೆಲ ದರಕಿನ ರಾಶಿಯಾಯಿತು. ಅಕ್ಟೋಬರ್ 17ರಂದು ಒಂದು ಕಡೆ ಹೊಗೆ ಕಂಡ ಸುದ್ದಿ ಬಂತು. ಮೊದಲ ನಾಲ್ಕು ದಿನ ಬೆಂಕಿ ನಿಧಾನವಾಗಿಯೇ ಇತ್ತು. 21ರಂದು ಗಾಳಿ ಎದ್ದಿತು. 23ರಂದು ಬಿರುಗಾಳಿ ದಿಕ್ಕು ಬದಲಿಸಿ ಬೆಂಕಿಯನ್ನು ಬಾರ್ ಹಾರ್ಬರಿನ ಕಡೆಗೆ ಅಟ್ಟಿತು. ಮೂರು ಗಂಟೆಯೊಳಗೆ ಅದು ಆರು ಮೈಲಿ ಓಡಿತು. ಊರಿನಿಂದ ಹೊರಗೆ ಹೋಗುವ ದಾರಿ ಮುಚ್ಚಿತು. ಜನ ಮಕ್ಕಳು ಮರಿಗಳೊಡನೆ ಬಂದರುಕಟ್ಟೆಗೆ ಓಡಿದರು. ಅಕ್ಕಪಕ್ಕದ ಊರುಗಳ ಮೀನುಗಾರರು ದೋಣಿ ತಂದರು. 400ರಷ್ಟು ಮಂದಿ ಸಮುದ್ರದ ಮೇಲೆ ಪಾರಾದರು. ಆಮೇಲೆ ರಸ್ತೆ ತೆರವಾಗಿ, ಎರಡೂ ಬದಿ ಕಿಡಿ ಹಾರುತ್ತಿದ್ದಂತೆ 700 ಕಾರುಗಳ ಸಾಲು ಹೊರಬಿತ್ತು. ಬೆಂಕಿ ಕರಾವಳಿಗುಂಟ ಆಟರ್ ಪಾಯಿಂಟಿನ ಹತ್ತಿರದವರೆಗೂ ಹೋಗಿ, ಸಮುದ್ರದ ಮೇಲೆ ಒಂದು ದೊಡ್ಡ ಉರಿಯುಂಡೆಯಾಗಿ ಸಿಡಿದು ತಣ್ಣಗಾಯಿತು. ಶಾಂಪ್ಲೇನನ ಹಡಗು ತಗುಲಿದ ಆ ಭಾಗವೇ ಬೆಂಕಿಯ ದಾರಿಗೂ ಕೊನೆಯಾಯಿತು. ನೆಲದೊಳಗೆ ಹೊಗೆಯಾಡುತ್ತಿದ್ದುದು ಪೂರ್ತಿ ಆರಿತೆಂದು ಸಾರಿದ್ದು ನವೆಂಬರ್ 14ರಂದು.

ಸುಟ್ಟದ್ದು 17,000 ಎಕರೆಗೂ ಹೆಚ್ಚು. ಅದರಲ್ಲಿ 10,000 ಎಕರೆಗೂ ಮೇಲ್ಪಟ್ಟು ಉದ್ಯಾನದ್ದು. 67 ಬೇಸಿಗೆ ಅರಮನೆಗಳು, ಐದು ದೊಡ್ಡ ಹೋಟೆಲುಗಳು ಬೂದಿಯಾದವು. ಅವುಗಳ ಜೊತೆ ವರ್ಷವಿಡೀ ಅಲ್ಲೇ ಬದುಕುತ್ತಿದ್ದವರ 170 ಮನೆಗಳೂ ಹೋದವು. ವೈದ್ಯಕೀಯ ಸಂಶೋಧನೆಗೆ ಇಲಿ ಸಾಕುತ್ತಿದ್ದ ಜಾಕ್ಸನ್ ಪ್ರಯೋಗಾಲಯವೂ ಸುಟ್ಟಿತು. ಮೊದಲು ಅಲ್ಲಿಂದ ಇಲಿ ಪಡೆದಿದ್ದ ಬೇರೆ ಬೇರೆ ಕಡೆಯ ಪ್ರಯೋಗಾಲಯಗಳವರು ಅದೇ ತಳಿಯ ಇಲಿಗಳನ್ನು ವಾಪಸು ಕಳಿಸಿಕೊಟ್ಟರು. ನಮ್ಮಲ್ಲಿ ಬೀಜದ ಭತ್ತ ಕಳೆದುಕೊಂಡವನಿಗೆ, ಹಿಂದೆ ಅವನಿಂದಲೇ ಬೀಜ ಒಯ್ದ ನೆಂಟರು ತಂದುಕೊಡುವುದಿಲ್ಲವೇ, ಹಾಗೆ.

ಸುಟ್ಟ ಮರಗಳನ್ನು ತೆಗೆಸುವ ಕೆಲಸಕ್ಕೆ ರಾಕ್‌ಫೆಲ್ಲರ್ ನೆರವಾದರು. ಕಾಡು ಮಾತ್ರ ಬಹುಮಟ್ಟಿಗೆ ತಾನೇ ಚಿಗುರಿತು. ನೆರಳು ಹೋಗಿ ಬಿಸಿಲು ನೆಲಕ್ಕೆ ಬಿದ್ದದ್ದೇ ತಡ, ಬಿಸಿಲು ಬೇಡುವ ಬರ್ಚ್, ಆಸ್ಪೆನ್ ಮರಗಳು ಎದ್ದವು. ಕೆಲವು ಉಳಿದ ಬೇರುಗಳಿಂದ, ಕೆಲವು ಗಾಳಿಯಲ್ಲಿ ಹಾರಿಬಂದ ಬೀಜಗಳಿಂದ. ಎಲೆಯುದುರಿಸುವ ಈ ಮರಗಳೇ ಇಂದು ಅಕ್ಟೋಬರಿನಲ್ಲಿ ಬಂಗಾರವಾಗುವುದು. ಬೆಂಕಿ ಮುಟ್ಟದ ಕಡೆ ಈಗಲೂ ಹಳೆಯ ಕಪ್ಪುಹಸಿರೇ ಹೆಚ್ಚು. ನಾವು 'ಆಹಾ' ಎನ್ನುತ್ತ ನಡೆದದ್ದು ಒಂದು ಗಾಯ ಮಾಗಿದ ಚರ್ಮದ ಮೇಲೆ. ಸುಟ್ಟ ಅರಮನೆಗಳಲ್ಲಿ ಹಲವು ಮತ್ತೆ ಏಳಲಿಲ್ಲ. ಕೋಟ್ಯಧೀಶರ ಕಾಲ ಅದಕ್ಕೆ ಮೊದಲೇ, ತೆರಿಗೆ ಮತ್ತು ಆರ್ಥಿಕ ಮುಗ್ಗಟ್ಟಿನಿಂದ, ಇಳಿಯತೊಡಗಿತ್ತು. ಬೆಂಕಿ ಅದನ್ನು ಮುಗಿಸಿತು. ಆ ಜಾಗಗಳಲ್ಲಿ ಸಾಮಾನ್ಯರ ವಸತಿಗೃಹಗಳೆದ್ದವು. ನಮ್ಮಂಥವರು ನಾಲ್ಕು ದಿನ ಉಳಿಯಲು ಕೋಣೆ ಸಿಕ್ಕುವುದು ಹೀಗೆ.

ನಾಲ್ಕನೆಯ ದಿನ ಜಿಟಿಜಿಟಿ ಮಳೆ. ಊರೊಳಗಿನ ಆಬಿ ಮ್ಯೂಸಿಯಮ್ಮಿಗೆ ಹೋದೆವು. ಅದು ವಾಬನಾಕಿ ಜನರ ಇತಿಹಾಸಕ್ಕೆ ಮೀಸಲಾದದ್ದು. ಅಲ್ಲಿ ಬುಟ್ಟಿಗಳನ್ನು ನೋಡುತ್ತ ನಿಂತೆ. ಆಶ್ ಮರದ ದಿಮ್ಮಿಯನ್ನು ಬಡಿದು ಬಡಿದು ಪದರ ಬಿಡಿಸಿ, ತೆಳ್ಳನೆಯ ಪಟ್ಟಿ ಸೀಳಿ, ಅದರ ಜೊತೆ 'ಸ್ವೀಟ್ ಗ್ರಾಸ್' ಎಂಬ ಸುವಾಸನೆಯ ಹುಲ್ಲು ಹೆಣೆದ ಬುಟ್ಟಿಗಳು. ಸಾಹುಕಾರರ ಕಾಲದಲ್ಲಿ ವಾಬನಾಕಿ ಸಂಸಾರಗಳು ಬೇಸಿಗೆಗೆ ಇಲ್ಲಿಗೆ ಬಂದು, ಡೇರೆ ಹಾಕಿ, ಇವನ್ನು ಮಾರಿ ಬದುಕಿದವು. ತಮ್ಮದೇ ತೀರಕ್ಕೆ ಅವರು ವ್ಯಾಪಾರಿಗಳಾಗಿ ಬರುವಂತಾಗಿತ್ತು.

ಡಾರ್, ಎಲಿಯಟ್, ರಾಕ್‌ಫೆಲ್ಲರ್ ಇವರ ದಾನ ದೊಡ್ಡದೇ. ಅವರಿಲ್ಲದಿದ್ದರೆ ನಾವು ಮೊದಲ ದಿನ ಕುಳಿತು ಉಂಡ ಬಂಡೆಗೆ ಯಾರದೋ ಬೇಲಿ ಇರುತ್ತಿತ್ತು. ಆದರೆ ದಾನಪತ್ರದಲ್ಲಿ ಕೊಡುವವರ ಹೆಸರು, ಪಡೆಯುವವರ ಹೆಸರು ಇರುತ್ತದೆ. ನೆಲ ಕೊಟ್ಟವರ ಕೈಗೆ ಹೇಗೆ ಬಂತೆಂಬುದು ಇರುವುದಿಲ್ಲ. ವಾಬನಾಕಿಗಳಲ್ಲಿ ಎರಡು ಬುಡಕಟ್ಟುಗಳಾದ ಪಾಸಮಕ್ವಾಡಿ ಮತ್ತು ಪೆನಾಬ್ಸ್ಕಾಟ್ ಜನರು 1970ರ ದಶಕದಲ್ಲಿ ಅದನ್ನೇ ನ್ಯಾಯಾಲಯದಲ್ಲಿ ಕೇಳಿದರು. ಬುಡಕಟ್ಟಿನ ನೆಲ ಪಡೆಯಲು ಕೇಂದ್ರದ ಒಪ್ಪಿಗೆ ಬೇಕೆಂದು 1790ರಲ್ಲೇ ಕಾಯಿದೆ ಇತ್ತು. ಆ ಒಪ್ಪಿಗೆ ಇಲ್ಲದೆ ಮೇನ್ ರಾಜ್ಯದ ಅರ್ಧಕ್ಕೂ ಹೆಚ್ಚು ನೆಲ ತಮ್ಮಿಂದ ಹೋಯಿತೆಂದು ಅವರ ವಾದ. 1980ರಲ್ಲಿ 8 ಕೋಟಿ 15 ಲಕ್ಷ ಡಾಲರಿನ ಕಾಯಿದೆಯೊಂದರಿಂದ ಆ ಹಕ್ಕು ತೀರುವಳಿಯಾಯಿತು.

ಹುಲ್ಲಿನ ಕಥೆಯೂ ಇದೆ. ರಾಷ್ಟ್ರೀಯ ಉದ್ಯಾನಗಳಲ್ಲಿ ಗಿಡ ಕೀಳುವುದು ಅಪರಾಧ. ನಿಯಮ ಒಳ್ಳೆಯದೇ. 40 ಲಕ್ಷ ಸಾರಿ ಒಂದೊಂದು ಹೂ ಕಿತ್ತರೆ ಏನು ಉಳಿದೀತು? ಆದರೆ ಅಜ್ಜಿ ಮುತ್ತಜ್ಜಿಯ ಕಾಲದಿಂದ ಬುಟ್ಟಿಗೆಂದು ಹುಲ್ಲು ಕೊಯ್ಯುತ್ತಿದ್ದವಳಿಗೂ ಅದೇ ನಿಯಮ. 2016ರಲ್ಲಿ ಕೇಂದ್ರ ಸರಕಾರ, ಮಾನ್ಯತೆ ಪಡೆದ ಬುಡಕಟ್ಟಿನವರು ಉದ್ಯಾನದ ಜೊತೆ ಒಪ್ಪಂದ ಮಾಡಿಕೊಂಡು ತಮ್ಮ ಸಂಪ್ರದಾಯದ ಬಳಕೆಗೆ ಸಸ್ಯ ಸಂಗ್ರಹಿಸಬಹುದೆಂದು ನಿಯಮ ತಂದಿತು. ಸ್ಮಾರಕವಾಗಿ ಸರಿಯಾಗಿ ನೂರು ವರ್ಷದ ಮೇಲೆ!

ಇದನ್ನು ಓದುತ್ತ ನನಗೆ ನಮ್ಮ ಜಿಲ್ಲೆಯೇ ಕಣ್ಣೆದುರು ಬಂತು. ಬ್ರಿಟಿಷರ ಅರಣ್ಯ ಕಾಯಿದೆ ಬಂದ ಮೇಲೆ ನಮ್ಮ ಹಿರಿಯರೂ ಸೌದೆಗೆ, ದರಕಿಗೆ, ಸೊಪ್ಪಿಗೆ ಗಾರ್ಡನ ಮುಖ ನೋಡಬೇಕಾಯಿತು. ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟದ ಸವಲತ್ತು ಸಿಕ್ಕಿತು. ತೋಟವಿಲ್ಲದ ಬಡವರಿಗೆ ಅದೂ ಇಲ್ಲ. ನಮ್ಮ ಅರಣ್ಯ ಹಕ್ಕು ಕಾಯಿದೆ ಬಂದದ್ದು 2006ರಲ್ಲಿ. ಕಾಡು ಉಳಿಯಬೇಕು, ಕಾಡಿನವರೂ ಉಳಿಯಬೇಕು ಎಂಬ ಎರಡು ಮಾತನ್ನು ಒಂದೇ ಉಸಿರಿನಲ್ಲಿ ಹೇಳಲು ಎರಡು ದೇಶಗಳಿಗೂ ಇಷ್ಟು ಕಾಲ ಹಿಡಿಯಿತು. ನಮ್ಮವರು ಒಂದು ಪುಟ್ಟ ಬುಟ್ಟಿಯ ಬೆಲೆಯ ಚೀಟಿ ನೋಡಿ ಹೌಹಾರಿದರು. ಆಮೇಲೆ ಅದರಲ್ಲಿನ ಕೆಲಸ ನೋಡಿ, "ಹೆಚ್ಚೇನಲ್ಲ ಬಿಡು" ಎಂದರು. ಕೊಳ್ಳಲಿಲ್ಲ ಎನ್ನುವುದು ಬೇರೆ ಮಾತು.

ನಿಸರ್ಗ ಸೌಂದರ್ಯ ಬೇರೆ, ಇತಿಹಾಸ ಬೇರೆ ಎಂದು ನಮ್ಮ ಪಠ್ಯಪುಸ್ತಕಗಳು ಎರಡು ಪಾಠ ಮಾಡಿಟ್ಟಿವೆ. ಅಕೇಡಿಯಾದಲ್ಲಿ ಅವನ್ನು ಬಿಡಿಸಿ ಓದಲಿಕ್ಕೆ ಬರುವುದಿಲ್ಲ. ಎಲೆಯ ಬಣ್ಣಕ್ಕೆ ಇಸವಿಯಿದೆ, ದಾರಿಯ ಕಲ್ಲಿಗೆ ಹಣದ ಮೂಲವಿದೆ, ಹುಲ್ಲಿಗೆ ಕಾನೂನಿನ ಕಲಮು ಇದೆ. ಊರಿಗೆ ಬಂದು ಶಾಲೆ ತೆರೆದ ಮೇಲೆ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ನಿಮ್ಮೂರ ಹತ್ತಿರದ ಒಂದು ಗುಡ್ಡವನ್ನು ಆರಿಸಿಕೊಂಡು, ಅಲ್ಲಿ ಐವತ್ತು ವರ್ಷದ ಹಿಂದೆ ಯಾವ ಮರವಿತ್ತು, ಯಾರು ಏನು ತರುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ ಬರೆಯಿರಿ ಎಂದೆ. ಅಕೇಶಿಯಾ ನೆಡುವ ಮೊದಲು ಅಲ್ಲಿ ಮುರುಗಲು, ಹಲಸು, ಕೌಲು ಮರಗಳಿದ್ದವೆಂದು ಒಬ್ಬ ಹುಡುಗಿ ಬರೆದು ತಂದಳು. ಅವಳ ಅಜ್ಜಿ ಅಲ್ಲಿ ಮುರುಗಲು ಹಣ್ಣು ಆರಿಸುತ್ತಿದ್ದಳಂತೆ. ಯಾವ ಪುಸ್ತಕದಲ್ಲೂ ಇಲ್ಲದ ಇತಿಹಾಸ ಅದು.

ಈಗಲ್ ಲೇಕಿನ ದಾರಿಯಲ್ಲಿ ಕಂಡ ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. ಆ ಬಂಗಾರದ ಬರ್ಚುಗಳ ಬುಡದ ನೆರಳಿನಲ್ಲಿ, ಉದುರಿದ ಎಲೆಗಳ ನಡುವಿನಿಂದ, ಮಂಡಿಯೆತ್ತರದ ಸ್ಪ್ರೂಸ್ ಸಸಿಗಳು ತಲೆಯೆತ್ತಿವೆ. ಬರ್ಚಿಗೆ ಬಿಸಿಲು ಬೇಕು, ಸ್ಪ್ರೂಸಿಗೆ ನೆರಳಾದರೂ ಆದೀತು. ಅವು ನಿಧಾನವಾಗಿ ಬೆಳೆದು ಬರ್ಚುಗಳ ಮೇಲೆ ನೆರಳು ಚೆಲ್ಲುತ್ತವೆ. ಹೊಸ ಬೆಂಕಿ ಬೀಳದಿದ್ದರೆ ಮುಂದೊಂದು ದಿನ ಅಲ್ಲಿ ಮತ್ತೆ ಕಪ್ಪುಹಸಿರು ಕಾಡೇ ನಿಲ್ಲಬಹುದು. ಬಣ್ಣ ನೋಡಬೇಕೆಂದಿರುವವರು ಅದಕ್ಕೆ ಮೊದಲು ಹೋಗಿಬರಲಿ. ಹೋಗುವಾಗ 1947 ಎಂಬ ಇಸವಿಯನ್ನೂ ನೆನಪಿಟ್ಟುಕೊಂಡು ಹೋಗಲಿ.